ಹಿಂದಿನ ಸೀಟಿನ ಕಂಬಿ

ಮಾರ್ಚ್ 4

ಏನೆಂದು ಕರೆದು ಶುರುಮಾಡಬೇಕೋ ತಿಳಿಯದೆ ಎರಡು ಹಾಳೆ ಹರಿದು ಹಾಕಿದೆ. ಕೊನೆಗೆ ಮೇಲಿನ ಸಾಲನ್ನು ಖಾಲಿ ಬಿಟ್ಟಿದ್ದೇನೆ. ನಾನು ನಿಮ್ಮ ಮಗಳು. ನಿಮಗೆ ಇರುವವಳು ಒಬ್ಬಳೇ, ಗುರುತು ಸಿಕ್ಕೀತು.

ನೀವು ಕೆಲಸ ಮಾಡುವ ಬೈಕು ಬಿಡಿಭಾಗಗಳ ಅಂಗಡಿಗೆ ಫೋನು ಮಾಡಿದ್ದೆ. ನೀವು "ಯಾವ ಗಾಡಿದು? ಯಾವ ಗಾಡಿದು ಪಾರ್ಟು?" ಎಂದು ಕೂಗಿ ಕೂಗಿ ಇಟ್ಟುಬಿಟ್ಟಿರಿ. ಮತ್ತೆ ಮಾಡಿದಾಗ ಮೆಕ್ಯಾನಿಕ್ ಒಬ್ಬರು ಎತ್ತಿ, "ಅವರಿಗೆ ಕಿವಿ ಪೂರಾ ಹೋಗಿದೆಯಮ್ಮ. ಪತ್ರ ಬರೀರಿ, ಕನ್ನಡಕ ಹಾಕ್ಕೊಂಡು ಕೂತು ಓದ್ತಾರೆ" ಎಂದರು. ನನಗೂ ಅದೇ ಅನುಕೂಲವೆನಿಸಿತು. ಎದುರಿಗೆ ಮಾತಾಡುವಂಥದ್ದು ನಮ್ಮಲ್ಲಿ ಏನೂ ಉಳಿದಿಲ್ಲ.

ವಿಷಯ ಇಷ್ಟು. ಅಮ್ಮನಿಗೆ ಹೊಟ್ಟೆಯಲ್ಲಿ ಗಡ್ಡೆ. ಒಂದು ಆಪರೇಷನ್ ಆಗಿದೆ. ಈಗ ಮೂರು ವಾರಕ್ಕೊಮ್ಮೆ ಡ್ರಿಪ್ಪಿನಲ್ಲಿ ಔಷಧಿ ಹಾಕಿಸಬೇಕು. ಅದಕ್ಕಿರುವ ಆಸ್ಪತ್ರೆ ಗುಡ್ಡದ ಆಚೆಯ ಊರಿನಲ್ಲಿದೆ, ನಾಲ್ಕು ಗಂಟೆಯ ದಾರಿ. ಬಸ್ಸಿನಲ್ಲಿ ಹೋದರೆ ಮೊದಲ ತಿರುವಿನಿಂದಲೇ ವಾಂತಿ. ಕಾರಿನಲ್ಲಿ ಇನ್ನೂ ಅನ್ಯಾಯ, ಬಾಗಿಲು ಹಾಕಿದ ಸದ್ದಿಗೇ ಮುಖ ಬಿಳಚಿಕೊಳ್ಳುತ್ತದೆ. ಎರಡು ಸಲ ಅರ್ಧ ದಾರಿಯಿಂದ ವಾಪಸು ಬಂದಿದ್ದೇವೆ. ಇನ್ನೂ ತಪ್ಪಿಸಿದರೆ ಇಲ್ಲಿಯವರೆಗೆ ಹಾಕಿದ ಔಷಧಿಯೂ ದಂಡ ಎಂದು ಡಾಕ್ಟರು ಹೇಳಿದ್ದಾರೆ. ಅಲ್ಲೇ ರೂಮು ಮಾಡೋಣವೆಂದರೆ ಅವಳು ಹೊಲಿಗೆ ಮಿಷನ್ನು ಬಿಟ್ಟು ಬರುವವಳಲ್ಲ, ನನಗೆ ಇಲ್ಲಿ ಕೆಲಸ. ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿದ್ದೇನೆ.

ಆದರೆ ನನ್ನ ಸ್ಕೂಟರಿನ ಹಿಂದೆ ಕೂತರೆ ಅವಳಿಗೆ ಏನೂ ಆಗುವುದಿಲ್ಲ. ಮುಖಕ್ಕೆ ಗಾಳಿ ಹೊಡೆದರೆ ಸಾಕು. ಹಾಗಾಗಿ ಬೈಕು ಕೊಳ್ಳುತ್ತಿದ್ದೇನೆ. ವಾರವಿಡೀ ಕೆಲಸಕ್ಕೆ ಹೋಗಲೂ ಆಗಬೇಕು, ಸಾಮಾನು ಹೇರಿಕೊಂಡು, ಅಮ್ಮನನ್ನು ಕೂರಿಸಿಕೊಂಡು ಗುಡ್ಡ ಹತ್ತಿ ಇಳಿಯಲೂ ಆಗಬೇಕು. ಮೂರು ನೋಡಿದ್ದೇನೆ, ಮೂರೂ ಮಧ್ಯಮ ಗಾತ್ರದವು. ಒಂದು ಕೆಂಪು, ಮುಂದಕ್ಕೆ ಬಾಗಿ ಓಡಿಸುವಂಥದ್ದು. ಒಂದು ಒಂಟೆಯಷ್ಟು ಎತ್ತರ. ಒಂದು ಬೂದು ಬಣ್ಣದ್ದು, ನೋಡಲು ಏನೂ ಇಲ್ಲ. ಕಾಗದಗಳನ್ನು ಜೊತೆಗಿಟ್ಟಿದ್ದೇನೆ. ಯಾವುದೆಂದು ಹೇಳಿ.

ಉಪದೇಶ ಬೇಡ. ನಾನು ನಿಮಗೆ ಬರೆದದ್ದು ಅಮ್ಮನಿಗೆ ಗೊತ್ತಿಲ್ಲ. ಗೊತ್ತಾದರೆ ಬೈಕೇ ಬೇಡ ಎಂದುಬಿಡುತ್ತಾಳೆ.

ಇಂತಿ,
ನಿಮ್ಮ ಮಗಳು


ಮಾರ್ಚ್ 11

ಪ್ರೀತಿಯ ಟ್ಯಾಂಕಿ,

ಬೈಯಬೇಡ, ಬೇರೆ ಹೆಸರು ಕೈಗೆ ಬರಲಿಲ್ಲ. ನಿನಗೆ ನಾಲ್ಕು ವರ್ಷವಿದ್ದಾಗ ನನ್ನ ಮುಂದೆ ಪೆಟ್ರೋಲು ಟ್ಯಾಂಕಿನ ಮೇಲೆ ಕೂತಲ್ಲದೆ ಬೇರೆಲ್ಲೂ ಕೂರುತ್ತಿರಲಿಲ್ಲ. ಈಗ ನೋಡಿದರೆ ಊರಿನ ನೀರಿನ ಟ್ಯಾಂಕಿಗಳನ್ನೇ ಪರೀಕ್ಷೆ ಮಾಡುತ್ತೀಯಂತೆ. ಹೆಸರಿಗೆ ಮೋಸವಾಗಲಿಲ್ಲ.

ಆಗ "ಅಪ್ಪ, ನೀನು ಜೋರಾಗಿ ಹೋಗು" ಅನ್ನುತ್ತಿದ್ದೆ. ಈಗ ಪತ್ರದ ತುಂಬ "ನೀವು". ಇರಲಿ. ಅದು ನಾನೇ ಸಂಪಾದಿಸಿಕೊಂಡದ್ದು.

ಅವಳ ಕಾಯಿಲೆಯ ವಿಷಯ ಓದಿ ಕೌಂಟರಿನಿಂದ ಎದ್ದು ಹಿಂದೆ ಟೈರು ಪೇರಿಸಿಟ್ಟಿರುವ ಕಡೆ ಹೋಗಿ ನಿಂತಿದ್ದೆ. ಏನು ಬರೆಯಲಿ? ನೀನು ಕೇಳಿದ್ದು ಬೈಕಿನ ವಿಷಯ. ಅದನ್ನೇ ಬರೆಯುತ್ತೇನೆ.

ಅಂಗಡಿಯವನು ಎಷ್ಟು ಕುದುರೆಶಕ್ತಿ, ಎಷ್ಟು ವೇಗ ಎಂದು ನಿನ್ನ ತಲೆ ತಿನ್ನುತ್ತಾನೆ. ತಿನ್ನಲಿ. ನೀನು ನೋಡಬೇಕಾದ್ದು ಹಿಂದಿನ ಸೀಟು. ಅದು ಅಗಲವಾಗಿದೆಯೋ, ಮುಂದಕ್ಕೆ ಜಾರುತ್ತದೆಯೋ? ಹಿಂದೆ ಕೂತವರ ಕಾಲಿಡುವ ಕಡ್ಡಿ ಎಷ್ಟು ಎತ್ತರದಲ್ಲಿದೆ? ಮೊಣಕಾಲು ಗಲ್ಲಕ್ಕೆ ಬಂದರೆ ಅರ್ಧ ಗಂಟೆಯಲ್ಲಿ ಸೊಂಟ ಹಿಡಿದುಕೊಳ್ಳುತ್ತದೆ. ನಿಂತಾಗ ನಿನ್ನ ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಬೇಕು. ಹಿಂದೆ ಕೂತವರು ಹತ್ತಿ ಇಳಿಯುವಾಗ ಗಾಡಿಯನ್ನು ಹಿಡಿಯುವುದು ಎಂಜಿನ್ನಲ್ಲ, ನಿನ್ನ ಕಾಲು.

ಮೂರರ ಮೇಲೂ ಅವಳನ್ನು ಕೂರಿಸಿ ನೋಡು. ಆಮೇಲೆ ನಿನ್ನ ತೂಕ, ಅವಳ ತೂಕ ಬರೆದು ಕಳಿಸು. ಅದಿಲ್ಲದೆ ನಾನು ಏನೂ ಹೇಳಲಾರೆ.

ನಾನು ಓಡಿಸುವುದನ್ನು ಬಿಟ್ಟು ಕೆಲವು ವರ್ಷವಾಯಿತು. ಗಾಳಿಯ ಸದ್ದಿಗೆ ಕಿವಿ ಹೋಯಿತು, ಕಿವಿಯ ಹಿಂದೆಯೇ ಮೈಯ ಹಿಡಿತವೂ ಹೋಯಿತು. ನಿಂತಲ್ಲೇ ನೆಲ ವಾಲುತ್ತದೆ. ಬೈಕುಗಳ ದಂಡು ಕಟ್ಟಿ ಜನರನ್ನು ಬೆಟ್ಟಗಳ ಮೇಲೆ ಕರೆದೊಯ್ದವನು ಈಗ ಬೋಲ್ಟು, ಬ್ರೇಕ್ ಪ್ಯಾಡು ಮಾರುತ್ತೇನೆ.

ನಿನ್ನ,
ಅಪ್ಪ


ಮಾರ್ಚ್ 22

ಅಪ್ಪನಿಗೆ,

ಟ್ಯಾಂಕಿ ಬೇಡ.

ಅಮ್ಮನನ್ನು ಶೋರೂಮಿಗೆ ಕರೆದುಕೊಂಡು ಹೋಗಿದ್ದೆ. ಎಷ್ಟೆಂದರೂ ಸೀಟು ಹೊಲಿಯುವವಳಲ್ಲವೇ, ಬೈಕಿನ ಮುಖ ಸಹ ನೋಡಲಿಲ್ಲ. ಟೈ ಕಟ್ಟಿಕೊಂಡಿದ್ದವನು ಎಂಜಿನ್ನಿನ ಗುಣಗಾನ ಮಾಡುತ್ತಿದ್ದರೆ ಇವಳು ಮೂರೂ ಸೀಟುಗಳನ್ನು ಹಿಟ್ಟು ನಾದುವ ಹಾಗೆ ಒತ್ತಿ, ಬಗ್ಗಿ ಅಡಿಯ ಹೊಲಿಗೆ ನೋಡಿದಳು. "ಇದರ ಸ್ಪಂಜು ಆರು ತಿಂಗಳಿಗೆ ಕೂತ್ಬಿಡುತ್ತೆ. ಇದರದ್ದು ಹೊಲಿಗೆ ನೀರು ಕುಡಿಯುತ್ತೆ. ಯಾರ್ರೀ ಹೊಲಿದಿದ್ದು?" ಎಂದು ಕೇಳಿದಳು. ಅವನು ಮ್ಯಾನೇಜರನ್ನು ಕರೆಯಲು ಹೋದವನು ಬರಲೇ ಇಲ್ಲ.

ಕೆಂಪಿನ ಹಿಂದಿನ ಸೀಟು ಅಂಗೈಯಗಲ. "ಇದರ ಮೇಲೆ ಕಾಗೆ ಕೂರಬೇಕು" ಎಂದಳು. ಎತ್ತರದ್ದನ್ನು ಹತ್ತಲು ಆಗಲೇ ಇಲ್ಲ, ಹೊಟ್ಟೆಯ ಹೊಲಿಗೆ ಎಳೆಯಿತೆಂದು ನಿಂತುಬಿಟ್ಟಳು. ಬೂದು ಬಣ್ಣದ್ದರ ಮೇಲೆ ಕೂತು ಸೀಟಿನ ಅಂಚನ್ನು ಉಗುರಿನಿಂದ ಕೆದಕಿ ನೋಡಿದಳು. ಆಮೇಲೆ, "ಹೊಲಿಗೆ ಕಳಪೆ. ಆದರೆ ಬಿಚ್ಚಿ ನಾನೇ ಹೊಲೀಬಹುದು" ಎಂದಳು.

ನನ್ನ ತೂಕ ಅರವತ್ತೊಂದು. ಅವಳದು ಐವತ್ನಾಲ್ಕು. ಮೊದಲು ಎಷ್ಟಿತ್ತೆಂದು ನಿಮಗೆ ಗೊತ್ತಿರಬಹುದು.

ಇಂತಿ,
ಮಗಳು


ಮಾರ್ಚ್ 30

ಮಗಳೇ,

ಬೂದು ಬಣ್ಣದ್ದನ್ನೇ ತೆಗೆದುಕೋ. ಇನ್ನೊಂದು ಮಾತಿಲ್ಲ. ಎರಡು ಸಿಲಿಂಡರಿನ ಎಂಜಿನ್ನು, ಗುಡ್ಡದಲ್ಲಿ ಗೇರು ಬದಲಿಸುತ್ತಲೇ ಇರಬೇಕಾಗಿಲ್ಲ. ಮುಂದಿನ ಗಾಜು ಗಾಳಿ ತಡೆಯುತ್ತದೆ, ಆದರೆ ಪೂರ್ತಿ ತಡೆಯುವುದಿಲ್ಲ, ಅವಳ ಮುಖಕ್ಕೆ ಬೇಕಾದಷ್ಟು ಬಿಡುತ್ತದೆ. ಪಕ್ಕದ ಪೆಟ್ಟಿಗೆಗಳಲ್ಲಿ ಬಟ್ಟೆ, ಫೈಲು, ಔಷಧಿ ಎಲ್ಲ ಹಿಡಿಯುತ್ತದೆ. ನೋಡಲು ಏನೂ ಇಲ್ಲ ಎಂದಿದ್ದೀಯ. ಎಲ್ಲ ಕೆಲಸಕ್ಕೂ ಒದಗುವ ಗಾಡಿ ಹಾಗೇ ಇರುವುದು.

ನಾನು ಅದನ್ನು ಆರಿಸಿದ್ದಕ್ಕೆ ಮುಖ್ಯ ಕಾರಣ ಬೇರೆ. ಹಿಂದಿನ ಸೀಟಿನ ಎರಡೂ ಪಕ್ಕಕ್ಕೆ ಹಿಡಿದುಕೊಳ್ಳುವ ಕಂಬಿ ಇದೆಯಲ್ಲ, ಅದು. ಮೂರರಲ್ಲಿ ಇದರದ್ದೇ ಗಟ್ಟಿ, ಕೈ ಸಹಜವಾಗಿ ಇಳಿಯುವ ಜಾಗದಲ್ಲಿದೆ. ಹಿಂದೆ ಕೂರುವವರಲ್ಲಿ ಎರಡು ಬಗೆ. ಕೆಲವರು ಓಡಿಸುವವನ ಸೊಂಟ ಹಿಡಿಯುತ್ತಾರೆ, ಕೆಲವರು ಕಂಬಿ ಹಿಡಿಯುತ್ತಾರೆ. ನಿಮ್ಮಮ್ಮ ಕಂಬಿಯವಳು. ಮದುವೆಯಾದ ವಾರದಿಂದ ಇನ್ನು ಈ ಮನೆಗೆ ಬರಬೇಡಿ ಎಂದು ನನ್ನ ಹೆಲ್ಮೆಟ್ಟನ್ನು ಬಾಗಿಲಾಚೆ ಇಟ್ಟ ದಿನದವರೆಗೆ ಒಂದು ಸಲವೂ ನನ್ನನ್ನು ಹಿಡಿದವಳಲ್ಲ. ಎಂಥ ತಿರುವಿನಲ್ಲೂ ಇಲ್ಲ. ನನಗೆ ಅದು ಒಳಗೊಳಗೇ ಕೊರೆಯುತ್ತಿತ್ತು, ಕೇಳಲಿಲ್ಲ. ಆದರೆ ಆ ಕೈಗಳ ಹಿಡಿತ ನನಗೆ ಗೊತ್ತು. ದಪ್ಪ ರೆಕ್ಸಿನ್ನನ್ನು ಬರಿಗೈಯಲ್ಲಿ ಎಳೆದು ಕೂರಿಸುವವಳು. ಕಂಬಿ ಇದ್ದರೆ ಅವಳು ಬೀಳುವವಳಲ್ಲ.

ಸೀಟಿನ ಕೆಳಗೆ ಎಡಗಡೆ ಒಂದು ದುಂಡನೆಯ ತಿರುಪು ಇದೆ. ಹಿಂದಿನ ಸ್ಪ್ರಿಂಗು ಬಿಗಿ ಮಾಡುವುದು ಅದರಿಂದ. ಪೂರ್ತಿ ಎಡಕ್ಕೆ ತಿರುಗಿಸಿ, ಅಲ್ಲಿಂದ ಬಲಕ್ಕೆ ಹದಿನೆಂಟು ಸಲ ಟಕ್ ಅನ್ನಿಸು. ಅದು ನಿಮ್ಮಿಬ್ಬರ ತೂಕಕ್ಕೆ. ಅವಳ ತೂಕ ಬದಲಾದರೆ ತಿಳಿಸು.

ಅಪ್ಪ


ಮೇ 8

ಅಪ್ಪನಿಗೆ,

ಬೈಕು ಬಂದು ತಿಂಗಳಾಯಿತು. ಎರಡು ಸಲ ಆಸ್ಪತ್ರೆಗೆ ಹೋಗಿ ಬಂದೆವು. ಎರಡು ಸಲವೂ ವಾಂತಿಯಿಲ್ಲ, ಅರ್ಧ ದಾರಿಯಿಂದ ವಾಪಸು ಬಂದದ್ದಿಲ್ಲ, ಡ್ರಿಪ್ಪು ತಪ್ಪಿಲ್ಲ.

ಗುಡ್ಡದ ಮೇಲೆ ದಾರಿ ಬದಿಗೆ ನಿಲ್ಲಿಸಿದಾಗ ಅಮ್ಮ ಹೆಲ್ಮೆಟ್ಟು ತೆಗೆದಳು. ಕೂದಲು ಪೂರ್ತಿ ಹೋಗಿದೆ. ಪಕ್ಕದಲ್ಲಿ ನಿಂತಿದ್ದ ಲಾರಿಯವನು ನೋಡುತ್ತಿದ್ದ. "ಹೆಲ್ಮೆಟ್ ಹಾಕಿ ಹಾಕಿ ಹಿಂಗಾಯ್ತಪ್ಪ, ನೀನು ಹುಷಾರು" ಎಂದಳು. ಅವನು ನಿಜವೆಂದುಕೊಂಡು ತನ್ನ ತಲೆ ಮುಟ್ಟಿ ನೋಡಿಕೊಂಡ. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಎಷ್ಟು ಕಾಲವಾಗಿತ್ತು ಹಾಗೆ ನಕ್ಕು.

ಎರಡು ತೊಂದರೆ. ಒಂದು, ಗುಂಡಿ ಬಂದಾಗ ಹಿಂದಿನ ಸೀಟು ಎತ್ತಿಹಾಕುತ್ತದೆ. ಅವಳ ತೂಕ ಈಗ ನಲವತ್ತೆಂಟು. ಇನ್ನೊಂದು, ಕಂಬಿ ಹಿಡಿದೂ ಹಿಡಿದೂ ಅವಳ ಬೆರಳು ಜುಮ್ಮೆನ್ನುತ್ತದಂತೆ. ಮನೆಗೆ ಬಂದ ಮೇಲೂ ಬಿಡುವುದಿಲ್ಲ. "ಗಾಡಿ ನಡುಕ ಕಣೇ, ಇನ್ನೂ ಬೆರಳೊಳಗೇ ಇದೆ" ಎನ್ನುತ್ತಾಳೆ. ಬೈಕಿನ ಸೀಟನ್ನು ಬಿಚ್ಚಿ ಹೊಲಿಯುತ್ತೇನೆ ಎಂದವಳು ಇನ್ನೂ ಮುಟ್ಟಿಲ್ಲ. ಅಂಗಡಿಗಳಿಂದ ಬರುತ್ತಿದ್ದ ಕೆಲಸವೂ ಈಗ ಇಲ್ಲವಂತೆ, ಮಿಷನ್ನಿಗೆ ಬಟ್ಟೆ ಹೊದಿಸಿಟ್ಟಿದ್ದಾಳೆ.

ಈ ನಡುಕಕ್ಕೆ ಏನು ಮಾಡಬೇಕು?

ಮಗಳು


ಮೇ 15

ಮಗಳೇ,

ನಿನ್ನ ಪತ್ರವನ್ನು ಮೆಕ್ಯಾನಿಕ್ಕಿಗೂ ಓದಿ ಹೇಳಿದೆ, ಲಾರಿಯವನ ಭಾಗವನ್ನು ಎರಡು ಸಲ. ಅವಳ ಬಾಯಿ ಹಾಗೇ ಇದೆಯಲ್ಲ. ಬದುಕುತ್ತಾಳೆ ಬಿಡು.

ನಡುಕಕ್ಕೆ ಬರೋಣ. ಇದು ನನಗೆ ಚೆನ್ನಾಗಿ ಗೊತ್ತಿರುವ ಕಾಟ. ನಾನೇ ಕೆಲವು ಗಾಡಿಗಳಿಂದ ಇಳಿದ ಮೇಲೆ ಚಮಚ ಹಿಡಿಯಲು ಆಗದೆ ಕೂತಿದ್ದೇನೆ. ಎರಡು ಸಿಲಿಂಡರಿನ ಎಂಜಿನ್ನು ಒಂದು ವೇಗ ದಾಟಿದ ಮೇಲೆ ಗುಂಯ್ಗುಡಲು ಶುರುಮಾಡುತ್ತದೆ. ಅದು ಚೌಕಟ್ಟಿನಗುಂಟ ಹರಿದು ಹಿಂದಿನ ಕಂಬಿಗೇ ಬಂದು ನಿಲ್ಲುತ್ತದೆ. ಹಾಗಾಗಿ ಮೊದಲು ಚೈನು ಬಿಗಿಯಿದೆಯೋ ನೋಡು. ಎಂಜಿನ್ನು ಹಿಡಿದಿರುವ ಬೋಲ್ಟುಗಳನ್ನು ಒಂದು ಸಲ ಬಿಗಿ ಮಾಡಿಸು. ಗುಡ್ಡ ಇಳಿದ ಮೇಲೆ ನೆಟ್ಟನೆ ರಸ್ತೆಯಲ್ಲಿ ಸ್ವಲ್ಪ ನಿಧಾನಕ್ಕೆ ಹೋಗು, ನಡುಕ ಅರ್ಧಕ್ಕರ್ಧ ಇಳಿಯುತ್ತದೆ.

ಕಂಬಿಗೆ ಸುತ್ತಲು ರಬ್ಬರು ಕಳಿಸುತ್ತಿದ್ದೇನೆ. ಇದು ಅಂಗಡಿಯಲ್ಲಿ ಸಿಗುವುದಲ್ಲ, ನಾನೇ ಹಳೆಯ ಹ್ಯಾಂಡಲ್ಲಿನ ಹಿಡಿಗಳನ್ನು ಸೀಳಿ, ಒಳಗೆ ತೆಳು ಸ್ಪಂಜು ಅಂಟಿಸಿ ಮಾಡಿದ್ದು. ಅವಳ ಅಂಗೈ ಅಳತೆ ನೆನಪಿನಿಂದ ತೆಗೆದುಕೊಂಡೆ. ಮೂರು ದಿನ ಕೂತೆ, ಕೌಂಟರಿಗೆ ಬಂದವರಿಗೆಲ್ಲ "ನಾಳೆ ಬನ್ನಿ" ಎಂದು ಹೇಳಿ ಬೈಸಿಕೊಂಡೆ. ಇಷ್ಟು ಸಮಾಧಾನದಿಂದ ಯಾವ ಕೆಲಸವನ್ನೂ ಮಾಡಿರಲಿಲ್ಲ.

ನಲವತ್ತೆಂಟಕ್ಕೆ ತಿರುಪು ಎಡಕ್ಕೆ ಮೂರು ಟಕ್.

ಅಪ್ಪ


ಜೂನ್ 12

ಅಪ್ಪ,

ರಬ್ಬರು ಸುತ್ತಿದೆ. ಎಲ್ಲಿಂದ ತಂದೆಯೆಂದು ಅಮ್ಮ ಕೇಳಲಿಲ್ಲ. ಬೆರಳಲ್ಲಿ ಸವರಿ ನೋಡಿದಳು, ಆಮೇಲೆ ಅದನ್ನೇ ಕೆನ್ನೆಗೆ ತಾಗಿಸಿ ನೋಡಿದಳು. "ಮೆತ್ತಗಿದೆ" ಎಂದಳು. ಹೋದ ಸಲದ ಪ್ರಯಾಣವಾದ ಮೇಲೆ ಕೇಳಿದೆ, ಜುಮ್ಮೆನ್ನುವುದು ಪೂರಾ ನಿಂತಿದೆ ಎಂದಳು. ನಿಮ್ಮ ಮದ್ದು ಕೆಲಸ ಮಾಡಿತು.

ಜಾಕೆಟ್ಟಿನ ಗುಂಡಿ ಹಾಕಲು ಮಾತ್ರ ಸೋಮಾರಿತನ. ಮಗುವಿನ ಹಾಗೆ ಕತ್ತೆತ್ತಿಕೊಂಡು ನಿಲ್ಲುತ್ತಾಳೆ, ನಾನೇ ಹಾಕಬೇಕು.

ಈಗ ನಲವತ್ತಾರು. ಒಂದು ಟಕ್ ಇಳಿಸಿದ್ದೇನೆ, ಸರಿ ತಾನೇ? ಇನ್ನು ಮೂರೇ ಡ್ರಿಪ್ಪು ಬಾಕಿ.

ಮಗಳು


ಜುಲೈ 6

ಅಮ್ಮ ಬಿದ್ದಳು.

ಗುಡ್ಡದ ಬುಡದಲ್ಲಿ ಟೋಲಿನ ಹತ್ತಿರ ಏರಿನಲ್ಲಿ ನಿಂತಿದ್ದೆ. ಮುಂದಿನ ಗಾಡಿ ಹೊರಟಿತು, ನಾನೂ ಹೊರಟೆ. ಜೋರಾಗಿಯೂ ಅಲ್ಲ. ಬೈಕು ಮುಂದೆ ಹೋಯಿತು, ಅಮ್ಮ ಹಿಂದೆ ಉಳಿದಳು. ಕೂಗಲೂ ಇಲ್ಲ. ಬೈಕು ಹಗುರಾಯಿತಲ್ಲ ಎಂದು ತಿರುಗಿ ನೋಡಿದರೆ ರಸ್ತೆಯಲ್ಲಿ ಕೂತಿದ್ದಾಳೆ, ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡು. "ಹಿಡಿದಿದ್ದೀನಿ ಅಂದ್ಕೊಂಡಿದ್ದೆ ಕಣೇ" ಎಂದಳು. ಅಷ್ಟೇ.

ಸೊಂಟದ ಮೂಳೆ ಮುರಿದಿದೆ. ರಕ್ತದಲ್ಲಿ ಬಲವಿಲ್ಲ, ಆಪರೇಷನ್ ಮಾಡಲಾಗದು ಎನ್ನುತ್ತಾರೆ. ಈ ಸ್ಥಿತಿಯಲ್ಲಿ ಡ್ರಿಪ್ಪೂ ಇಲ್ಲ. ನಿಲ್ಲಿಸಿಬಿಟ್ಟರು.

ಡಾಕ್ಟರು ಅವಳ ಬೆರಳುಗಳಿಗೆ ಸೂಜಿಯಿಂದ ಚುಚ್ಚಿದರು. ಅವಳು ಕಿಟಕಿಯಾಚೆ ನೋಡುತ್ತಿದ್ದಳು, ಚುಚ್ಚಿದ್ದೇ ಗೊತ್ತಾಗಲಿಲ್ಲ. "ಕೈ ಜುಮ್ ಅನ್ನೋದು ಯಾವಾಗಿಂದ?" ಎಂದು ನನ್ನನ್ನು ಕೇಳಿದರು. "ಬೈಕ್ ತಗೊಂಡಾಗಿಂದ" ಎಂದೆ. ಅವರು ನನ್ನ ಮುಖವನ್ನೇ ನೋಡಿದರು. "ಬೈಕಿಗೂ ಇದಕ್ಕೂ ಏನಮ್ಮ ಸಂಬಂಧ? ಇದು ಔಷಧಿಯಿಂದ ಆಗೋದು. ಆಗಲೇ ಹೇಳಿದ್ರೆ ಔಷಧಿ ಬದಲಾಯಿಸ್ತಿದ್ವಿ, ಕೈ ಉಳೀತಿತ್ತು."

ಔಷಧಿಯಿಂದ. ಚೈನಿನಿಂದಲ್ಲ, ಬೋಲ್ಟಿನಿಂದಲ್ಲ. ನೀನು ನನಗೆ ಹಾಳೆ ತುಂಬ ಎಂಜಿನ್ನಿನ ಕಥೆ ಬರೆದೆ. ರಬ್ಬರು ಮಾಡಿ ಕಳಿಸಿದೆ. ನಾನು ಕೂತು ಸುತ್ತಿದೆ. ಕೈಯೇ ಇಲ್ಲದವಳಿಗೆ ಕಂಬಿ ಮೆತ್ತಗೆ ಮಾಡಿದೆವು ನಾವಿಬ್ಬರೂ. ಜಗತ್ತಿನಲ್ಲಿ ಏನು ಕೆಟ್ಟರೂ ನಿನಗೆ ಅದು ಗಾಡಿಯ ದೋಷ. ಮನುಷ್ಯರಿಗೆ ಏನಾದರೂ ಆಗುತ್ತದೆ ಎಂಬುದೇ ನಿನಗೆ ಯಾವತ್ತೂ ಹೊಳೆಯಲಿಲ್ಲ. ಆಗಲೂ ಇಲ್ಲ, ಈಗಲೂ ಇಲ್ಲ.

ನಾನು ನಿನ್ನ ಮಗಳೇ. ನನಗೂ ಹೊಳೆಯಲಿಲ್ಲ.


ಜುಲೈ 13

ಮಗಳೇ,

ನೀನು ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ.

ನಾನು ಲೆಕ್ಕ ಹಾಕಿದ್ದು ನನಗೆ ಗೊತ್ತಿದ್ದ ಕೈಗಳನ್ನು ಇಟ್ಟುಕೊಂಡು. ಮನೆಗೆ ಬಂದ ಮೇಲೂ ಜುಮ್ಮೆನ್ನುತ್ತದೆ ಎಂದು ನೀನು ಸ್ಪಷ್ಟವಾಗಿ ಬರೆದಿದ್ದೆ. ಗಾಡಿಯ ನಡುಕವಾದರೆ ಕೆಳಗಿಳಿದ ಎರಡು ಗಂಟೆಗೆ ಹೋಗಬೇಕು, ಮಾರನೆಯ ದಿನಕ್ಕೆ ಉಳಿಯುವುದಿಲ್ಲ. ಇದು ನನಗಿಂತ ಚೆನ್ನಾಗಿ ಗೊತ್ತಿರುವವರು ಇಲ್ಲ. ಆದರೂ ಆ ಸಾಲನ್ನು ಹಾರಿಸಿ ಓದಿದೆ. ನನ್ನಿಂದ ಆಗುವ ಕೆಲಸವೊಂದು ಸಿಕ್ಕಿತಲ್ಲ ಎಂಬ ಸಂಭ್ರಮದಲ್ಲಿದ್ದೆ.

ಬರಲೇ? ತಲೆ ತಿರುಗಿದರೆ ತಿರುಗಲಿ, ಬಸ್ಸಿನಲ್ಲಿ ಕೂತು ಬರುತ್ತೇನೆ. ವಾರ್ಡಿನ ಹೊರಗೆ ಬೆಂಚಿನ ಮೇಲೆ ಇರುತ್ತೇನೆ. ಒಳಗೆ ಬಾ ಎಂದರೆ ಬರುತ್ತೇನೆ, ಇಲ್ಲವೆಂದರೆ ಇಲ್ಲ.

ಅಪ್ಪ


ಜುಲೈ 27

ರೀ,

ಇದನ್ನ ಬರೀತಿರೋದು ಪಕ್ಕದ ಮಂಚದವರ ಮಗಳು. ನನ್ನ ಕೈಲಿ ಪೆನ್ನು ನಿಲ್ಲಲ್ಲ. ಹೇಳಿದ್ದನ್ನ ಹೇಳಿದ ಹಾಗೇ ಬರಿ ಅಂದಿದ್ದೀನಿ. "ರೀ" ಅಂತ ಶುರು ಮಾಡು ಅಂದಾಗ ಕಿಸಕ್ ಅಂತ ನಕ್ಕಳು. ನಗಲಿ. ಈ ವಾರ್ಡಲ್ಲಿ ಅದೂ ಅಪರೂಪ.

ಟ್ಯಾಂಕಿ ನಿಮಗೆ ಬರೀತಿದ್ದಳು ಅನ್ನೋದು ನನಗೆ ಮೊದಲನೇ ದಿನವೇ ಗೊತ್ತು. "ಅಮ್ಮ, ನಿನ್ನ ತೂಕ ಎಷ್ಟು?" ಅಂತ ಕೇಳಿ ಸೀಟಿನ ಕೆಳಗೆ ಕೈ ಹಾಕಿ ಟಕ್ ಟಕ್ ಅಂತ ತಿರುಗಿಸಿದಳು. ಅದು ಶೋರೂಮಿನವನು ಹೇಳಿಕೊಡೋ ವಿದ್ಯೆನಾ? ನಾನು ಬಸುರಿ ಇದ್ದಾಗ ವಾರ ವಾರ ತೂಕ ಕೇಳಿ ತಿರುಗಿಸ್ತಿದ್ರಲ್ಲ. ಆಗ ಬಲಕ್ಕೆ. ಈಗ ಎಡಕ್ಕೆ. ಗೊತ್ತಿದ್ದೂ ಸುಮ್ಮನಿದ್ದೆ, ಯಾಕೆಂದ್ರೆ ಗಾಡಿ ಚೆನ್ನಾಗಿತ್ತು.

ಕೈ ವಿಷಯ ನಾನೇ ಮುಚ್ಚಿಟ್ಟಿದ್ದು. ಸೂಜಿ ಬೆರಳಿಂದ ಜಾರಿ ಬೀಳೋಕೆ ಶುರುವಾದ ದಿನವೇ ಇದು ಗಾಡಿದಲ್ಲ ಅಂತ ಅನ್ನಿಸಿತ್ತು. ಬಂದ ಕೆಲಸ ಎಲ್ಲ ವಾಪಸ್ ಕಳಿಸಿದೆ. ಅವಳಿಗೆ ಹೇಳಿದ್ರೆ ಡಾಕ್ಟರಿಗೆ ಹೇಳ್ತಾಳೆ, ಡಾಕ್ಟರು ಬೈಕ್ ಹತ್ತಬೇಡಿ ಅಂತಾರೆ. ಆ ದಾರಿ ನನಗೆ ಬೇಕಿತ್ತು ರೀ. ಮನೇಲಿ ನಾನು ರೋಗಿ, ಆಸ್ಪತ್ರೇಲಿ ರೋಗಿ. ಮಧ್ಯದ ನಾಲ್ಕು ಗಂಟೆ ಮಾತ್ರ ಹೆಲ್ಮೆಟ್ ಒಳಗೆ ಯಾರೋ ಒಬ್ಬಳು ಗುಡ್ಡ ಹತ್ತುತಾ ಇದ್ದಾಳೆ ಅಷ್ಟೇ. ಅದಕ್ಕೆ ನನ್ನ ಎರಡೂ ಕೈನ ಬೆಲೆ ಕೊಟ್ಟೆ. ಸಾಲದಾಯ್ತು.

ರಬ್ಬರು ಬೆರಳಿಗೆ ಗೊತ್ತಾಗಲಿಲ್ಲ. ಕೆನ್ನೆಗೆ ತಾಗಿಸಿ ನೋಡಿದೆ. ಚೆನ್ನಾಗಿ ಮಾಡಿದ್ರಿ.

ಇನ್ನೊಂದು. ಕಂಬಿ ಹಿಡೀತಾಳೆ, ನನ್ನನ್ನ ಹಿಡೀಲೇ ಇಲ್ಲ ಅಂತ ಬರೆದಿದ್ರಂತೆ. ಟ್ಯಾಂಕಿ ಇಲ್ಲಿ ಕೂತು ಅಳುತ್ತಾ ನಿಮ್ಮ ಪತ್ರ ಎಲ್ಲ ಓದಿ ಹೇಳಿದಳು. ಅಯ್ಯೋ ಪೆದ್ದು. ಮದುವೆಯಾದ ಹೊಸದರಲ್ಲಿ ಒಂದು ಸಲ ಹಿಡಿದಿದ್ದೆ, ನೆನಪಿಲ್ವಾ? ಹಿಡಿದ ತಕ್ಷಣ ಖುಷಿಗೆ ಗಾಡೀನ ಗಾಳಿ ಥರ ಬಿಟ್ರಿ. ಪ್ರಾಣ ಬಾಯಿಗೆ ಬಂತು. ಇವರನ್ನ ಹಿಡಿದ್ರೆ ಇನ್ನೂ ಜೋರಾಗಿ ಹೋಗ್ತಾರೆ ಅಂತ ಆವತ್ತಿಂದ ಕಂಬಿ ಹಿಡಿದೆ. ನಿಧಾನ ಹೋಗಲಿ, ಮನೆಗೆ ವಾಪಸ್ ಬರಲಿ ಅಂತ. ಅದೊಂದನ್ನ ನೀವು ಇಷ್ಟು ವರ್ಷ ಮನಸ್ಸಲ್ಲಿಟ್ಟು ಕೊರಗಿದ್ರಾ? ಕೇಳಬಾರದಿತ್ತಾ? ನಾನಾದರೂ ಹೇಳಬಾರದಿತ್ತಾ?

ಬರಬೇಡಿ. ಕೋಪ ಇಲ್ಲ. ನಾನು ಗಾಡಿ ಮೇಲೆ ಕೂತಿದ್ದನ್ನ ನೋಡಿದ್ದೀರಿ, ಹಾಗೇ ಇರಲಿ. ಹೀಗೆ ಮಲಗಿದ್ದು ನೋಡೋದು ಬೇಡ.

ಟ್ಯಾಂಕಿ ನಿಮ್ಮನ್ನ ಬೈದಿದ್ದಾಳೆ. ಬೈಸಿಕೊಳ್ಳಿ. ಅವಳಿಗೆ ಬೇರೆ ಯಾರಿದ್ದಾರೆ ಬೈಯೋಕೆ.

ಸಹಿ ಹಾಕೋಕೆ ಆಗಲ್ಲ. ಹೆಬ್ಬೆಟ್ಟು ಒತ್ತಿದ್ದೀನಿ. ಶಾಯಿ ತಣ್ಣಗಿತ್ತೋ ಬಿಸಿಯಿತ್ತೋ, ಅದೂ ಗೊತ್ತಾಗಲಿಲ್ಲ.


ಸೆಪ್ಟೆಂಬರ್ 2

ಅಪ್ಪ,

ಅಮ್ಮ ಹೋದಳು. ಹೋದ ತಿಂಗಳ ಕೊನೆಯ ವಾರದಲ್ಲಿ, ಬೆಳಗಿನ ಹೊತ್ತು, ನರ್ಸು ಹಾಸಿಗೆಯ ಚಾದರ ಬದಲಿಸಲು ಬಂದಾಗ. ನಾನು ಪಕ್ಕದಲ್ಲಿದ್ದೆ. ಕೈ ಹಿಡಿದುಕೊಂಡಿದ್ದೆ. ಅವಳಿಗೆ ಅದು ತಿಳಿಯುತ್ತಿರಲಿಲ್ಲವೆಂದು ಗೊತ್ತಿತ್ತು, ಅದಕ್ಕೇ ಆಗಾಗ ಅವಳ ಕೈಯನ್ನು ಎತ್ತಿ ಅವಳದೇ ಕೆನ್ನೆಗೆ ತಾಗಿಸುತ್ತಿದ್ದೆ.

ನಿನಗೆ ಆಗಲೇ ತಿಳಿಸಬೇಕಿತ್ತು. ಅಂಗಡಿಯ ನಂಬರು ಒತ್ತಿದೆ. ನೀನೇ ಎತ್ತಿದೆ. "ಯಾರು? ಯಾರದು? ಜೋರಾಗಿ ಹೇಳಿ!" ಎಂದು ನೀನು ಕೇಳಿದೆ. ನಿನ್ನ ಕಿವಿಗೆ ಕೇಳುವ ಹಾಗೆ ಆ ಮಾತನ್ನು ಕೂಗಿ ಹೇಳಲು ನನ್ನಿಂದ ಆಗಲಿಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ಜನ ಇದ್ದರು. ಇಟ್ಟುಬಿಟ್ಟೆ.

ಬೈಕಿನಲ್ಲೇ ಲ್ಯಾಬಿಗೆ ಹೋಗುತ್ತಿದ್ದೇನೆ. ಮಾರುವಂತೆ ಎಲ್ಲರೂ ಹೇಳುತ್ತಾರೆ. ಮಾರುವುದಿಲ್ಲ. ಆದರೆ ರಸ್ತೆ ಉಬ್ಬು ಬಂದಾಗಲೆಲ್ಲ ಹಿಂಬದಿ ಪುಟಿಯುತ್ತದೆ. ಅದು ಇನ್ನೂ ಇಬ್ಬರಿಗೆ ಬಿಗಿ ಮಾಡಿದ ಹಾಗೇ ಇದೆ.

ಒಬ್ಬರಿಗಾದರೆ ಎಷ್ಟು ತಿರುಗಿಸಬೇಕು?

ಟ್ಯಾಂಕಿ


ಸೆಪ್ಟೆಂಬರ್ 9

ಟ್ಯಾಂಕಿ,

ತಿರುಪನ್ನು ಪೂರ್ತಿ ಎಡಕ್ಕೆ ತಿರುಗಿಸು, ಇನ್ನು ಆಗದು ಎನ್ನುವವರೆಗೆ. ಅಲ್ಲಿಂದ ಬಲಕ್ಕೆ ಆರು ಟಕ್. ಅದು ನಿನ್ನೊಬ್ಬಳ ತೂಕಕ್ಕೆ. ತಿರುಗಿಸುವಾಗ ಗಾಡಿಯ ಮೇಲೆ ಕೂತಿರಬೇಡ, ಪಕ್ಕದಲ್ಲಿ ನೆಲದ ಮೇಲೆ ಕೂತು ನಿಧಾನಕ್ಕೆ ತಿರುಗಿಸು. ಹಿಂದಿನ ಟೈರಿನ ಗಾಳಿಯನ್ನೂ ಸ್ವಲ್ಪ ಇಳಿಸಬೇಕು, ಅಂಗಡಿಯವನಿಗೆ ಒಬ್ಬರೇ ಎಂದು ಹೇಳಿದರೆ ಸಾಕು.

ಆವತ್ತು ಫೋನಿನಲ್ಲಿ ಯಾರೂ ಮಾತಾಡಲಿಲ್ಲ. ನನಗೆ ಅರ್ಥವಾಗಿತ್ತು. ಮಾತಾಡಿದ್ದರೆ ಕೇಳಿಸುತ್ತಿರಲಿಲ್ಲ, ಮಾತಾಡದೆ ಇಟ್ಟದ್ದು ಕೇಳಿಸಿತು. ಮೆಕ್ಯಾನಿಕ್ಕು ನನ್ನನ್ನು ಹಿಡಿದು ಕುರ್ಚಿಯ ಮೇಲೆ ಕೂರಿಸಿದ.

ಕಂಬಿಯ ರಬ್ಬರನ್ನು ಬಿಚ್ಚುವುದೋ ಬಿಡುವುದೋ ನಿನಗೆ ಬಿಟ್ಟದ್ದು.

ಇನ್ನು ಗಮನವಿಟ್ಟು ಓದು. ಸ್ಪ್ರಿಂಗು ಸರಿಮಾಡಿದ ಮೇಲೂ ಗಾಡಿ ಮೊದಲಿನ ಹಾಗೆ ಇರುವುದಿಲ್ಲ. ಹಿಂಬದಿ ಹಗುರ. ಹೊರಡುವಾಗ ನೀನು ಅಂದುಕೊಂಡದ್ದಕ್ಕಿಂತ ಬೇಗ ಮುಂದೆ ನುಗ್ಗುತ್ತದೆ. ತಿರುವಿನಲ್ಲಿ ಬೇಗ ಬಾಗುತ್ತದೆ. ಹಿಂದಿನ ಬ್ರೇಕನ್ನು ಇಷ್ಟು ದಿನ ತುಳಿದ ಹಾಗೆ ತುಳಿಯಬೇಡ, ಚಕ್ರ ಜಾರುತ್ತದೆ. ನಿಂತು ಹೊರಡುವಾಗಲೆಲ್ಲ ಹಿಂದೆ ಕೂತಿದ್ದಾರೋ ಇಲ್ಲವೋ ಎಂದು ತಿರುಗಿ ನೋಡಬೇಕೆನಿಸುತ್ತದೆ. ನೋಡು, ಆದರೆ ಗಾಡಿ ಚಲಿಸುತ್ತಿರುವಾಗ ಬೇಡ. ಹೆದರಬೇಡ. ಅದು ಗಾಡಿಯ ದೋಷವಲ್ಲ. ಹಿಂದೆ ತೂಕವಿಲ್ಲ, ಅಷ್ಟೇ.

ಅಭ್ಯಾಸವಾಗುತ್ತದೆ ಎಂದು ನಾನು ಹೇಳುವುದಿಲ್ಲ. ಹೆಲ್ಮೆಟ್ಟು ಎತ್ತಿಕೊಂಡು ಆ ಬಾಗಿಲಿನಿಂದ ಹೊರಟ ಮೇಲೆ ಹನ್ನೆರಡು ವರ್ಷ ಓಡಿಸಿದೆ. ನನಗೆ ಆಗಲಿಲ್ಲ.

ಅಪ್ಪ